ಸಾರಜನಕದ ಬಿಡಾರ

ಮಳೆಗಾಲದ ಬೆಳಗ್ಗೆ ಹಟ್ಟಿಯ ಬಾಗಿಲು ತೆರೆದವರ ಮೂಗಿಗೆ ಮೊದಲು ಬಡಿಯುವುದು ಒಂದು ಘಾಟು. ರಾತ್ರಿಯಿಡೀ ಗಂಜಳ ಹೀರಿದ ಸೊಪ್ಪಿನಡಿಯಿಂದ ಏಳುವ, ಕಣ್ಣಂಚಿಗೆ ನೀರು ತರಿಸುವ ಅಮೋನಿಯಾ ಅದು. ಗಂಜಳದಲ್ಲಿರುವ ಯೂರಿಯಾಕ್ಕೆ ತನ್ನದೆಂಬ ಘಾಟು ಇಲ್ಲ. ಸೊಪ್ಪಿನಲ್ಲೂ ಸೆಗಣಿಯಲ್ಲೂ ಬದುಕುವ ಸೂಕ್ಷ್ಮಜೀವಿಗಳ ಬಳಿ ಯೂರಿಯೇಸ್ ಎಂಬ ಕಿಣ್ವವಿದೆ. ಅದು ಯೂರಿಯಾವನ್ನು ಒಡೆದಾಗ ಅಮೋನಿಯಾ ಬಿಡುಗಡೆಯಾಗುತ್ತದೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಲ್ಲಿ ದನ ಕಟ್ಟುವ ಎಲ್ಲ ಮನೆಗಳಲ್ಲೂ ಇದು ನಿತ್ಯದ ಸಂಗತಿ. ಯಾರೂ ನಿಂತು ಯೋಚಿಸುವುದಿಲ್ಲ.

ಇದೇ ಸಂಗತಿ ಪೇಟೆಯ ರಕ್ತಪರೀಕ್ಷೆಯ ಲ್ಯಾಬಿನ ಯಂತ್ರದೊಳಗೂ ನಡೆಯುತ್ತದೆ ಎಂದು ತಿಳಿದ ದಿನದಿಂದ ನನಗೆ ಹಟ್ಟಿಯ ಆ ಘಾಟು ಬೇರೆಯೇ ಆಗಿದೆ. ನಮ್ಮ ತೋಳಿನಿಂದ ತೆಗೆದ ರಕ್ತದ ತಿಳಿ ದ್ರವಕ್ಕೆ ಲ್ಯಾಬಿನವರು ಯೂರಿಯೇಸ್ ಸೇರಿಸುತ್ತಾರೆ. ರಕ್ತದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅದೇ ಕೊಳವೆಯಲ್ಲಿ ಕಾದಿರುವ ಇನ್ನೊಂದು ಕಿಣ್ವ ಆ ಅಮೋನಿಯಾವನ್ನು ಹಿಡಿದು ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಕಟ್ಟುತ್ತದೆ. ಹಾಗೆ ಕಟ್ಟುವ ವೇಗವನ್ನು ಕಣ್ಣಿಗೆ ಕಾಣದ 340 ನ್ಯಾನೋಮೀಟರಿನ ಅತಿನೇರಳೆ ಬೆಳಕಿನಿಂದ ಯಂತ್ರ ಅಳೆಯುತ್ತದೆ. ವರದಿಯ ಹಾಳೆಯಲ್ಲಿ ‘ಬ್ಲಡ್ ಯೂರಿಯಾ’ ಎಂದೋ ‘ಬಿಯುಎನ್’ ಎಂದೋ ಅಚ್ಚಾಗುವ ಅಂಕಿ ಹುಟ್ಟುವುದು ಹೀಗೆ. ನಾವು ತಿಂದ ಹುರುಳಿ, ಬಂಗುಡೆ, ಕುಚ್ಚಲಕ್ಕಿ ಗಂಜಿಯ ಅಮೈನೋ ಆಮ್ಲಗಳಿಂದ ಯಕೃತ್ತು ಸಾರಜನಕವನ್ನು ಕಳಚಿ ಯೂರಿಯಾ ಮಾಡಿತ್ತು. ಕೊಳವೆಯಲ್ಲಿ ಅದು ತಿರುಗಿ ಅಮೈನೋ ಆಮ್ಲವೇ ಆಯಿತು. ಕೊಳವೆಯಲ್ಲಿ ಅಮೋನಿಯಾ ಹಿಡಿಯುವ ಆ ಎರಡನೆಯ ಕಿಣ್ವ ನಮ್ಮ ಯಕೃತ್ತಿನಲ್ಲೂ ಇದೆ. ಅಲ್ಲಿ ಅದರ ದೊಡ್ಡ ಕೆಲಸ ಇದಕ್ಕೆ ತಿರುಗುಮುರುಗು: ಗ್ಲುಟಮೇಟಿನಿಂದ ಅಮೋನಿಯಾ ಬಿಡಿಸುವುದು.

ಯೂರಿಯೇಸ್ ವಿಜ್ಞಾನಕ್ಕೆ ಶುದ್ಧವಾಗಿ ಸಿಕ್ಕಿದ್ದು ನಮ್ಮ ಕತ್ತಿಯವರೆಯ ಬಳಗದ ಒಂದು ಅವರೆಬೀಜದಿಂದ. ಅಮೆರಿಕದ ಜೇಮ್ಸ್ ಸಮ್ನರ್ 1926ರಲ್ಲಿ ಅದನ್ನು ಹರಳಾಗಿಸಿ, ಕಿಣ್ವಗಳೆಂದರೆ ಪ್ರೋಟೀನುಗಳೇ ಎಂದು ತೋರಿಸಿದರು. ಹದಿಹರೆಯದಲ್ಲೇ ಬೇಟೆಯ ಅವಘಡದಲ್ಲಿ ಎಡತೋಳು ಕಳೆದುಕೊಂಡಿದ್ದ ಅವರು ಒಂದೇ ಕೈಯಲ್ಲಿ ವರ್ಷಗಟ್ಟಲೆ ನಡೆಸಿದ ಕೆಲಸ ಅದು. ನೊಬೆಲ್ ಬಂದದ್ದು 1946ರಲ್ಲಿ. ಇಂದು ಬೆಳ್ತಂಗಡಿಯ ಒಬ್ಬ ಅಜ್ಜಿಯ ಮೂತ್ರಪಿಂಡ ಹೇಗಿದೆ ಎಂದು ತಿಳಿಯಲು ಒಂದು ಅವರೆಬೀಜದ ಗುಟ್ಟು ನೆರವಾಗುತ್ತಿದೆ.

ಅಂಕಿಯ ವಿಷಯಕ್ಕೆ ಬರೋಣ, ಏಕೆಂದರೆ ಜನ ಹೆದರುವುದೂ ನೆಮ್ಮದಿಪಡುವುದೂ ಅಲ್ಲಿ. ಬಿ.ಸಿ.ರೋಡಿನ ಒಂದು ಲ್ಯಾಬಿನಲ್ಲಿ ಒಮ್ಮೆ, ಮೂಡುಬಿದಿರೆಯ ಇನ್ನೊಂದು ಲ್ಯಾಬಿನಲ್ಲಿ ಮತ್ತೊಮ್ಮೆ ಪರೀಕ್ಷೆ ಮಾಡಿಸಿದ ಹಿರಿಯರೊಬ್ಬರು ಎರಡು ಹಾಳೆಗಳನ್ನು ಜೊತೆಗಿಟ್ಟು ನೋಡುತ್ತಿದ್ದರು. ಮೊದಲಿನದರಲ್ಲಿ 34, ಎರಡನೆಯದರಲ್ಲಿ 16. ‘ಅರ್ಧಕ್ಕರ್ಧ ಇಳಿದಿದೆ’ ಎಂದು ಅವರ ಮುಖ ಅರಳಿತ್ತು. ಕೌಂಟರಿನಲ್ಲಿದ್ದ ಹುಡುಗಿ ಹಾಳೆ ನೋಡಿ, ‘ಇಳಿದದ್ದಲ್ಲ ಮಾರಾಯ್ರೆ, ಲೆಕ್ಕ ಬರೆಯುವ ಕ್ರಮ ಬೇರೆ ಅಷ್ಟೆ. ಎರಡೂ ಒಂದೇ. ನೀವು ಸರಿಯೇ ಇದ್ದೀರಿ’ ಎಂದಳು.

ಲೆಕ್ಕದ ಬಗ್ಗೆ ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಯೂರಿಯಾದ ಅಣುತೂಕ 60. ಅದರೊಳಗಿನ ಎರಡು ಸಾರಜನಕ ಪರಮಾಣುಗಳದು 28. ಕೆಲವು ಲ್ಯಾಬುಗಳು ಇಡೀ ಯೂರಿಯಾವನ್ನು ಬರೆಯುತ್ತವೆ, ಕೆಲವು ಅದರ ಸಾರಜನಕವನ್ನಷ್ಟೇ ಬರೆಯುತ್ತವೆ. ಬಿಯುಎನ್ ಎಂದರೆ ಈ ಎರಡನೆಯದು. ಅದನ್ನು 2.14ರಿಂದ ಗುಣಿಸಿದರೆ ಬ್ಲಡ್ ಯೂರಿಯಾ ಸಿಗುತ್ತದೆ. ದೊಡ್ಡವರಲ್ಲಿ ಬಿಯುಎನ್ ಪ್ರತಿ ಡೆಸಿಲೀಟರಿಗೆ ಸುಮಾರು 7ರಿಂದ 20 ಮಿಲಿಗ್ರಾಂ, ಬ್ಲಡ್ ಯೂರಿಯಾ ಸುಮಾರು 15ರಿಂದ 40 ಇದ್ದರೆ ಸಹಜ ಎನ್ನುತ್ತಾರೆ. ಲ್ಯಾಬಿನಿಂದ ಲ್ಯಾಬಿಗೆ ಒಂದಿಷ್ಟು ವ್ಯತ್ಯಾಸವಿರುವುದರಿಂದ ಪಕ್ಕದ ಅಂಕಣದಲ್ಲಿ ಅಚ್ಚಾಗಿರುವ ಮಿತಿಯನ್ನೇ ನೋಡಬೇಕು. ಬ್ಲಡ್ ಯೂರಿಯಾ 30 ಎಂದರೆ ಒಂದು ಲೀಟರಿಗೆ 300 ಮಿಲಿಗ್ರಾಂ. ಮೈಯೊಳಗಿನ ನಲವತ್ತು ಲೀಟರಿನಷ್ಟು ನೀರಿಗೆಲ್ಲ ಲೆಕ್ಕ ಹಾಕಿದರೂ ಹನ್ನೆರಡು ಗ್ರಾಂ, ಅಂದರೆ ಎರಡು ಮೂರು ಚಹಾ ಚಮಚ ಯೂರಿಯಾ.

ಈ ಹನ್ನೆರಡು ಗ್ರಾಂ ಎಲ್ಲಿಂದ ಬಂತು? ಪಣಂಬೂರಿನ ರಸಗೊಬ್ಬರ ಕಾರ್ಖಾನೆಯಲ್ಲಿ 1976ರಿಂದ ಯೂರಿಯಾ ತಯಾರಾಗುತ್ತಿದೆ. ಬಂಟ್ವಾಳದ ಸೊಸೈಟಿಯಿಂದ ಜೀಪಿನಲ್ಲಿ ಬೇವು ಲೇಪಿಸಿದ ಬಿಳಿ ಕಾಳಿನ ಗೋಣಿಗಳನ್ನು ಮನೆಗೆ ತಂದವರಿಗೆಲ್ಲ ಅದರ ಪರಿಚಯವಿದೆ. ಯೂರಿಯಾ ಕಾರ್ಖಾನೆಗಳ ಕಚ್ಚಾವಸ್ತು ಎರಡೇ: ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್. ಅವನ್ನು ಒಂದುಗೂಡಿಸಲು ವಾತಾವರಣದ ಒತ್ತಡಕ್ಕಿಂತ ನೂರಕ್ಕೂ ಹೆಚ್ಚು ಪಟ್ಟು ಒತ್ತಡ ಬೇಕು, ಇನ್ನೂರು ಡಿಗ್ರಿಯ ಆಸುಪಾಸಿನ ಬಿಸಿ ಬೇಕು, ಉಕ್ಕಿನ ಗೋಪುರಗಳು ಬೇಕು. ನಮ್ಮ ಬಲಪಕ್ಕೆಯ ಅಡಿಯಲ್ಲಿರುವ ಯಕೃತ್ತೂ ಅದೇ ಎರಡು ಕಚ್ಚಾವಸ್ತುಗಳಿಂದ ಅದೇ ಯೂರಿಯಾವನ್ನು ಮಾಡುತ್ತದೆ. ಅದಕ್ಕೆ 37 ಡಿಗ್ರಿ ಸಾಕು. ಹೊಗೆಯಿಲ್ಲ, ಸದ್ದಿಲ್ಲ, ನಾವು ನಿದ್ದೆ ಮಾಡಿದರೂ ಕೆಲಸ ನಿಲ್ಲುವುದಿಲ್ಲ.

ಎರಡೂ ಯೂರಿಯಾ ಒಂದೇ ಎಂಬುದನ್ನು ಜಗತ್ತು ಒಪ್ಪಲು ಸಮಯ ಹಿಡಿಯಿತು. ಜೀವಿಗಳ ಪದಾರ್ಥಗಳನ್ನು ಜೀವಶಕ್ತಿ ಮಾತ್ರ ಮಾಡಬಲ್ಲದು ಎಂಬ ನಂಬಿಕೆ ಬಲವಾಗಿದ್ದ ಕಾಲದಲ್ಲಿ, 1828ರಲ್ಲಿ, ಜರ್ಮನಿಯ ಫ್ರೆಡರಿಕ್ ವೋಲರ್ ಮೂತ್ರಪಿಂಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲೇ ಯೂರಿಯಾ ಮಾಡಿದರು. ಆ ನಂಬಿಕೆ ಒಂದೇ ದಿನಕ್ಕೆ ಕುಸಿಯಲಿಲ್ಲ, ಆದರೆ ಅದರ ಬುಡ ಸಡಿಲವಾಯಿತು. ಇದರಿಂದ ದೇಹದ ಮಹಿಮೆ ಕಡಿಮೆಯಾಯಿತೇ? ನನಗೆ ಹಾಗನಿಸುವುದಿಲ್ಲ. ಏನು ಮಾಡುತ್ತದೆ ಎಂದು ತಿಳಿದ ಮೇಲೆ ಹೇಗೆ ಮಾಡುತ್ತದೆ ಎಂದು ಕೇಳುವ ಬಾಗಿಲು ತೆರೆಯಿತು. ಆ ಬಾಗಿಲೊಳಗೆ ಹೋಗಲು ಇನ್ನೂ ನೂರು ವರ್ಷ ಬೇಕಾಯಿತು.

1932ರಲ್ಲಿ ಫ್ರೈಬರ್ಗಿನ ಹ್ಯಾನ್ಸ್ ಕ್ರೆಬ್ಸ್ ಮತ್ತು ಅವರ ವಿದ್ಯಾರ್ಥಿ ಕುರ್ಟ್ ಹೆನ್ಸೆಲೈಟ್ ಯಕೃತ್ತಿನ ತೆಳು ಹೋಳುಗಳನ್ನು ದ್ರಾವಣದಲ್ಲಿಟ್ಟು ಒಂದೊಂದೇ ಪದಾರ್ಥ ಬೆರೆಸಿ ನೋಡುತ್ತಿದ್ದರು. ಆರ್ನಿಥೀನ್ ಎಂಬ ಅಮೈನೋ ಆಮ್ಲವನ್ನು ಬೆರೆಸಿದಾಗ ಯೂರಿಯಾ ಹುಟ್ಟುವ ವೇಗ ತಟಕ್ಕನೆ ಏರಿತು. ಆದರೆ ಆರ್ನಿಥೀನ್ ಮುಗಿಯಲೇ ಇಲ್ಲ. ನೇತ್ರಾವತಿಗೆ ಸೇತುವೆಗಳಾಗುವ ಮೊದಲಿದ್ದ ಕಡವಿನ ದೋಣಿಯಂತೆ ಅದು ಈ ದಡದಲ್ಲಿ ಅಮೋನಿಯಾದ ಹೊರೆ ಹತ್ತಿಸಿಕೊಂಡು, ಆ ದಡದಲ್ಲಿ ಯೂರಿಯಾ ಇಳಿಸಿ, ಬರಿದಾಗಿ ಮರಳಿ ಬರುತ್ತಿತ್ತು. ಜೀವರಸಾಯನದಲ್ಲಿ ಮನುಷ್ಯ ಗುರುತಿಸಿದ ಮೊದಲ ಚಕ್ರ ಇದು. ಮರುವರ್ಷವೇ ನಾಜಿ ಕಾನೂನು ಯಹೂದಿ ಮೂಲದ ಕ್ರೆಬ್ಸ್ ಅವರ ಕೆಲಸ ಕಿತ್ತುಕೊಂಡಿತು. ಅವರು ಇಂಗ್ಲೆಂಡಿಗೆ ಹೋದರು. ಓಡಿಸಿದವರ ಮೈಯೊಳಗೂ ಓಡಿಹೋದವರ ಮೈಯೊಳಗೂ ಆ ಚಕ್ರ ಒಂದೇ ರೀತಿ ತಿರುಗುತ್ತಿತ್ತು.

ದೇಹಕ್ಕೆ ಇಷ್ಟೆಲ್ಲ ಶ್ರಮ ಯಾಕೆ? ಅಮೋನಿಯಾವನ್ನು ಹಾಗೆಯೇ ಹೊರಹಾಕಬಾರದಿತ್ತೇ? ಇದಕ್ಕೆ ಉತ್ತರ ಜೂನಿನ ಗದ್ದೆಯ ನೀರಲ್ಲಿದೆ. ಮಳೆ ಹಿಡಿದ ವಾರಗಳಲ್ಲಿ ಗದ್ದೆಯ ಬದುವಿನ ಬಳಿ, ಮುರಕಲ್ಲಿನ ಹೊಂಡಗಳಲ್ಲಿ ಗೊದಮೊಟ್ಟೆಗಳು ಕಪ್ಪು ಚುಕ್ಕಿಗಳಂತೆ ಗಿಜಿಗುಡುತ್ತವೆ. ಅವು ಅಮೋನಿಯಾವನ್ನೇ ನೇರ ನೀರಿಗೆ ಬಿಡುತ್ತವೆ. ಸುತ್ತ ಧಾರಾಳ ನೀರಿರುವಾಗ ವಿಷ ತೆಳುವಾಗಿ ಹರಡಿಹೋಗುತ್ತದೆ. ಬಾಲ ಕರಗಿ ಕಾಲು ಮೂಡುವ ದಿನಗಳಲ್ಲಿ ಆ ಪುಟ್ಟ ಯಕೃತ್ತಿನೊಳಗೆ ಯೂರಿಯಾ ಚಕ್ರದ ಕಿಣ್ವಗಳು ಏರುತ್ತವೆ. ಕಪ್ಪೆ ಬದು ಹತ್ತುವ ಹೊತ್ತಿಗೆ ಅದು ಯೂರಿಯಾ ಮಾಡುವ ಜೀವಿಯಾಗಿರುತ್ತದೆ. ನೆಲದ ಮೇಲೆ ಬದುಕಬೇಕಾದರೆ ನೀರನ್ನು ಉಳಿಸಬೇಕು. ಅಮೋನಿಯಾವನ್ನು ಹೊರಹಾಕಲು ಬೇಕಾದಷ್ಟು ನೀರು ಮೈಯಲ್ಲಿಲ್ಲ. ಅಮೋನಿಯಾ ತುಸು ಹೆಚ್ಚಿದರೂ ಮಿದುಳಿಗೆ ಮಂಕು ಕವಿಯುತ್ತದೆ. ಯೂರಿಯಾ ಹಾಗಲ್ಲ, ಅದು ನೀರಲ್ಲಿ ಚೆನ್ನಾಗಿ ಕರಗುವ ಸೌಮ್ಯ ವಸ್ತು. ಜೀವ ನೀರಿನಿಂದ ನೆಲಕ್ಕೆ ಬಂದ ಕೋಟಿ ಕೋಟಿ ವರ್ಷಗಳ ಹಾದಿಯನ್ನು ಒಂದು ಕಪ್ಪೆ ಕೆಲವು ವಾರಗಳಲ್ಲಿ ನಮ್ಮ ಕಣ್ಣೆದುರಿಗೇ ನಡೆದು ತೋರಿಸುತ್ತದೆ.

ಯಕೃತ್ತು ಮಾಡಿದ್ದನ್ನು ಸಾಗಿಸುವವರು ಮೂತ್ರಪಿಂಡಗಳು. ಮುಷ್ಟಿಗಾತ್ರದ ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೋಸುಗಗಳಿವೆ. ದಿನಕ್ಕೆ 180 ಲೀಟರ್ ದ್ರವ ಅವುಗಳ ಮೂಲಕ ಸೋಸಿಹೋಗುತ್ತದೆ. ಒಂದೂವರೆ ಲೀಟರಿನಷ್ಟು ಬಿಟ್ಟು ಉಳಿದದ್ದೆಲ್ಲ ರಕ್ತಕ್ಕೆ ಮರಳುತ್ತದೆ. ನನ್ನನ್ನು ಬಹುಕಾಲ ಹಿಡಿದು ನಿಲ್ಲಿಸಿದ ಸಂಗತಿ ಇದಲ್ಲ, ಮುಂದಿನದು. ಸೋಸಿದ ಯೂರಿಯಾದಲ್ಲಿ ಸುಮಾರು ಅರ್ಧವನ್ನು ಮೂತ್ರಪಿಂಡ ಹೊರಗೆ ಬಿಡುವುದಿಲ್ಲ. ಅದರ ಒಂದು ಪಾಲನ್ನು ತನ್ನ ಒಳತಿರುಳಿನಲ್ಲಿ ಶೇಖರಿಸಿಟ್ಟು, ಅಲ್ಲಿನ ಸಾಂದ್ರತೆ ಏರಿಸಿ, ಅದರ ಸೆಳೆತದಿಂದ ಮೂತ್ರದಲ್ಲಿ ಹೋಗಬೇಕಿದ್ದ ನೀರನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಬೇಡವೆಂದು ಹೊರಡಿಸಿದ ವಸ್ತುವಿನ ಕೈಯಲ್ಲೇ ನೀರು ಉಳಿಸುವ ಕೆಲಸ ಮಾಡಿಸಿ, ಆಮೇಲೆ ಬೀಳ್ಕೊಡುತ್ತದೆ. ನಾವು ಕಸ ಎಂದು ಕರೆದುಬಿಡುವುದಕ್ಕೆ ದೇಹ ಕಡೆಯ ಗಳಿಗೆಯವರೆಗೂ ಒಂದು ಹೊಣೆ ಕೊಟ್ಟಿರುತ್ತದೆ.

ಹಟ್ಟಿಯ ದನ ಇದರಲ್ಲಿ ನಮಗಿಂತ ಮುಂದೆ. ಅದರ ಯಕೃತ್ತು ಮಾಡಿದ ಯೂರಿಯಾದ ಒಂದು ಪಾಲು ಜೊಲ್ಲಿನ ಮೂಲಕ, ಹೊಟ್ಟೆಯ ಗೋಡೆಯ ಮೂಲಕ ತಿರುಗಿ ದೊಡ್ಡ ಹೊಟ್ಟೆಗೇ ಬರುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಒಡೆದು ತಮ್ಮ ಪ್ರೋಟೀನು ಕಟ್ಟಿಕೊಳ್ಳುತ್ತವೆ. ಮುಂದಿನ ಹೊಟ್ಟೆಯಲ್ಲಿ ದನ ಆ ಸೂಕ್ಷ್ಮಜೀವಿಗಳನ್ನೇ ಅರಗಿಸಿಕೊಳ್ಳುತ್ತದೆ. ಸಾರವಿಲ್ಲದ ಬೈಹುಲ್ಲು ತಿಂದೂ ದನ ದಿನ ದೂಡುವುದರಲ್ಲಿ, ಕರುವಿಗೆ ಹಾಲಿಳಿಸುವುದರಲ್ಲಿ ಈ ಉಳಿತಾಯದ ಪಾಲಿದೆ.

ಹೀಗೆ ನೋಡಿದರೆ ವರದಿಯ ಅಂಕಿ ಬರೇ ಮೂತ್ರಪಿಂಡದ ಸುದ್ದಿಯಲ್ಲ. ಊಟ, ಯಕೃತ್ತು, ನೀರು, ರಕ್ತದ ಓಟ, ಮೂತ್ರಪಿಂಡ ಎಲ್ಲವೂ ಅದರಲ್ಲಿ ಕೈಯಿಟ್ಟಿವೆ. ಏಪ್ರಿಲ್–ಮೇ ತಿಂಗಳ ಸೆಕೆಯಲ್ಲಿ ಬೆವರು ಸುರಿಸಿ ದುಡಿದವರು ಸಾಕಷ್ಟು ನೀರು ಕುಡಿಯದೆ ಪರೀಕ್ಷೆಗೆ ಹೋದರೆ ಯೂರಿಯಾ ಏರಿರಬಹುದು: ಮೂತ್ರಪಿಂಡ ನೀರನ್ನು ಹಿಡಿದಿಡುವಾಗ ಯೂರಿಯಾವೂ ಜೊತೆಗೆ ಉಳಿಯುತ್ತದೆ. ಸ್ನಾಯುಗಳಿಂದ ಬರುವ ಕ್ರಿಯಾಟಿನಿನ್ ಹಾಗೆ ಹಿಂತಿರುಗುವುದಿಲ್ಲ. ಅದಕ್ಕೇ ವೈದ್ಯರು ಎರಡನ್ನೂ ಜೊತೆಗಿಟ್ಟು ನೋಡುತ್ತಾರೆ. ಬಿಯುಎನ್ ಕ್ರಿಯಾಟಿನಿನ್ನಿನ ಹತ್ತರಿಂದ ಇಪ್ಪತ್ತು ಪಟ್ಟಿನೊಳಗೆ ಇರುವುದು ವಾಡಿಕೆ. ಅದನ್ನು ಮೀರಿದರೆ ನೀರು ಕಡಿಮೆಯಾಯಿತೇ, ಹೃದಯ ಸೋತಿದೆಯೇ, ಜಠರದಲ್ಲೆಲ್ಲೋ ರಕ್ತ ಸುರಿದು ಅದರ ಪ್ರೋಟೀನು ಅರಗುತ್ತಿದೆಯೇ ಎಂದು ಹುಡುಕುತ್ತಾರೆ. ಎರಡೂ ಒಟ್ಟಿಗೆ ಏರಿದ್ದರೆ ಮೂತ್ರಪಿಂಡದ ಕಡೆ ಗಮನ ಹೋಗುತ್ತದೆ. ಮಳೆಗಾಲದಲ್ಲಿ ಗದ್ದೆ ತೋಟಗಳಲ್ಲಿ ದುಡಿಯುವವರಿಗೆ ತಗಲುವ ಇಲಿಜ್ವರ, ಕೊಳಕುಮಂಡಲದ ಕಡಿತ, ಮೈಕೈ ನೋವಿಗೆಂದು ಅಂಗಡಿಯಿಂದ ತಂದು ದಿನಾ ನುಂಗುವ ಮಾತ್ರೆ, ಇವೆಲ್ಲ ಮೂತ್ರಪಿಂಡವನ್ನು ದಿಢೀರನೆ ಸೋಲಿಸಬಲ್ಲವು. ಕೊಲೆಸ್ಟರಾಲ್ ಇಳಿಯುತ್ತದೆಂದು ಬಿಂಬುಳಿಯನ್ನು ಹಿಂಡಿ ಗಟ್ಟಿರಸ ಕುಡಿದವರ ಮೂತ್ರಪಿಂಡ ಕೆಟ್ಟ ಪ್ರಕರಣಗಳನ್ನು ಕೇರಳದ ವೈದ್ಯರು ದಾಖಲಿಸಿದ್ದಾರೆ; ಅದರ ಆಕ್ಸಲೇಟ್ ಸೋಸುಗಗಳ ನಾಳಗಳಲ್ಲಿ ಹರಳುಗಟ್ಟುತ್ತದೆ. ಸಾರಿಗೆ ಹಾಕಿದ ನಾಲ್ಕು ಬಿಂಬುಳಿಗೂ ಲೋಟದ ರಸಕ್ಕೂ ಬಹಳ ಅಂತರವಿದೆ.

ಅಂಕಿ ಇಳಿದಿರುವುದೆಲ್ಲ ಶುಭವೂ ಅಲ್ಲ. ಯಕೃತ್ತು ತೀರಾ ಸೋತಾಗ ಯೂರಿಯಾ ಇಳಿಯುತ್ತದೆ, ಅಮೋನಿಯಾ ಏರುತ್ತದೆ. ಮನೆಯವರ ಹೆಸರು ಮರೆಯುವಷ್ಟು ಮಂಕು ಆವರಿಸಬಹುದು. ಊಟ ಸಾಲದವರಲ್ಲೂ ಯೂರಿಯಾ ಕಡಿಮೆ. ಇನ್ನೊಂದು ಇಳಿಕೆ ಮಾತ್ರ ಸಂತೋಷದ್ದು: ಬಸುರಿಯ ಮೂತ್ರಪಿಂಡಗಳು ಹೆಚ್ಚು ರಕ್ತ ಸೋಸುತ್ತವೆ, ಅವಳ ಯೂರಿಯಾ ಕೆಳಗಿಳಿಯುತ್ತದೆ. ಹೊಟ್ಟೆಯೊಳಗಿನ ಮಗುವಿನ ಯೂರಿಯಾವೂ ಕರುಳಬಳ್ಳಿಯ ಮೂಲಕ ತಾಯಿಯ ರಕ್ತಕ್ಕೇ ಬರುತ್ತದೆ. ನಮ್ಮೆಲ್ಲರ ಮೊದಲ ಯೂರಿಯಾವನ್ನು ಹೊತ್ತು ಹೊರಗೆ ಹಾಕಿದವಳು ತಾಯಿ.

ಮೂಡುಬಿದಿರೆಗೆ ಹೋದಾಗಲೆಲ್ಲ ಇನ್ನೊಂದು ಯೋಚನೆ ಬರುತ್ತದೆ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯ ಊರು ಅದು. ಉಪವಾಸವನ್ನು ಸಾಧನೆಯಾಗಿ ಕಂಡ ಜೈನ ಪರಂಪರೆ ಅಲ್ಲಿ ಶತಮಾನಗಳಿಂದ ಉಸಿರಾಡುತ್ತಿದೆ. ಊಟ ನಿಂತ ಮೊದಲ ದಿನಗಳಲ್ಲಿ ದೇಹ ಸ್ನಾಯುವಿನ ಪ್ರೋಟೀನನ್ನು ಕರಗಿಸಿ ಮಿದುಳಿಗೆ ಸಕ್ಕರೆ ಒದಗಿಸುತ್ತದೆ. ಯೂರಿಯಾ ಹುಟ್ಟುತ್ತಲೇ ಇರುತ್ತದೆ. ಉಪವಾಸ ವಾರಗಳಿಗೆ ಚಾಚಿದರೆ ಮಿದುಳು ಕೊಬ್ಬಿನಿಂದ ಬರುವ ಕೀಟೋನುಗಳಿಗೆ ಒಗ್ಗಿಕೊಳ್ಳುತ್ತದೆ. ಸ್ನಾಯು ಕರಗುವುದು ತಗ್ಗುತ್ತದೆ, ದಿನದ ಯೂರಿಯಾ ಮೊದಲಿನ ಮೂರರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಬರುವುದು ನಿಂತಿದೆ ಎಂದು ತಿಳಿದ ದೇಹ ಕೊಡುವುದನ್ನೂ ಹಿಡಿತಕ್ಕೆ ತರುತ್ತದೆ. ಕಾಯಿಲೆಯಿದ್ದವರು ವೈದ್ಯರನ್ನು ಕೇಳದೆ ಇಂಥ ವ್ರತಕ್ಕೆ ಇಳಿಯಬಾರದು. ಆದರೂ ಆ ಮಿತವ್ಯಯದ ವಿವೇಕ ನಮ್ಮ ಮಾಂಸದೊಳಗೇ ಬರೆದಿದೆ ಎಂಬುದು ದೊಡ್ಡ ಮಾತು.

ತೋಟದ ಲೆಕ್ಕವೊಂದನ್ನು ಇಲ್ಲಿ ಹಾಕಬೇಕು. ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಲು ಹೇಳುತ್ತದೆ. ಜೊತೆಗೆ ಸೊಪ್ಪು, ಗೊಬ್ಬರ. ಮನುಷ್ಯ ದಿನಕ್ಕೆ 20 ಗ್ರಾಂ ಯೂರಿಯಾ ಹೊರಹಾಕುತ್ತಾನೆಂದು ಹಿಡಿದರೆ ವರ್ಷಕ್ಕೆ ಏಳು ಕಿಲೋ ಮೀರುತ್ತದೆ, ಅದರಲ್ಲಿ ಸಾರಜನಕವೇ ಮೂರು ಕಿಲೋ ನಾನೂರು ಗ್ರಾಂ. ಮೂವತ್ತಕ್ಕೂ ಹೆಚ್ಚು ಅಡಿಕೆ ಮರಗಳ ಒಂದು ವರ್ಷದ ಪಾಲು ನಮ್ಮೊಬ್ಬೊಬ್ಬರ ಮೈಯಿಂದ ಹಾದುಹೋಗುತ್ತದೆ. ಮರದ ಬುಡಕ್ಕೆ ಬಿದ್ದ ಯೂರಿಯಾವನ್ನು ಮಣ್ಣಿನ ಯೂರಿಯೇಸ್ ಕೆಲವೇ ದಿನಗಳಲ್ಲಿ ಒಡೆಯುತ್ತದೆ, ಬೇರು ಹೀರಿಕೊಳ್ಳುತ್ತದೆ. ಮಣ್ಣಿನಲ್ಲಿ ಮುಚ್ಚದೆ ಬಿಟ್ಟರೆ ಅಮೋನಿಯಾವಾಗಿ ಗಾಳಿಗೆ ಹೋಗುತ್ತದೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನ ಹತ್ತಿರ ಸುರಿಯುವ ನಮ್ಮ ಮಳೆ ಒಂದಿಷ್ಟನ್ನು ಹೊಳೆಗೆ ಒಯ್ಯುತ್ತದೆ. ಯೂರಿಯಾ ಪಣಂಬೂರಿನದೋ, ದನದ್ದೋ, ನಮ್ಮದೋ ಎಂದು ಬೇರು ಕೇಳುವುದಿಲ್ಲ.

ಸಾರಜನಕಕ್ಕೆ ನಮ್ಮ ದೇಹ ಒಂದು ಬಿಡಾರ. ಬೆಳೆಯುವ ಮಗು ಬಂದ ಸಾರಜನಕದಲ್ಲಿ ಸ್ವಲ್ಪ ಇಟ್ಟುಕೊಳ್ಳುತ್ತದೆ, ಮೂಳೆ ಮಾಂಸ ಕಟ್ಟಬೇಕಲ್ಲ. ಬಸುರಿಯೂ ಇಟ್ಟುಕೊಳ್ಳುತ್ತಾಳೆ. ಕಾಯಿಲೆಯಿಂದ ಎದ್ದವರೂ ಇಟ್ಟುಕೊಳ್ಳುತ್ತಾರೆ. ಬೆಳವಣಿಗೆ ಮುಗಿದ ಆರೋಗ್ಯವಂತರು ಮಾತ್ರ ತೆಗೆದುಕೊಂಡಷ್ಟನ್ನೂ ಕೊಟ್ಟುಬಿಡುತ್ತಾರೆ. ಇಂದು ಉಂಡ ಹುರುಳಿಯ ಸಾರಜನಕ ಮೈಯಲ್ಲಿ ಎಲ್ಲೋ ಕೂರುತ್ತದೆ, ಅಲ್ಲಿ ಮೊದಲಿದ್ದದ್ದು ಎದ್ದು ಹೋಗುತ್ತದೆ. ಇದನ್ನು ಪೋಷಣವಿಜ್ಞಾನ ಸಾರಜನಕದ ಸಮತೋಲ ಎಂದು ಅಳೆದು ಹೇಳಿದೆ. ಗೂಡು ಅದೇ, ಒಳಗಿನ ಪರಮಾಣುಗಳು ಬದಲಾಗುತ್ತಲೇ ಇರುತ್ತವೆ. ಆದರೂ ಅಮ್ಮ ಕರೆದರೆ ಓಗೊಡುವವರು ನಾವೇ.

ಈ ತಿಳಿವಳಿಕೆ ನನ್ನನ್ನು ಹೆದರಿಕೆಯಿಂದ ಬಿಡಿಸಿ ಕರ್ತವ್ಯದ ಕಡೆಗೆ ತಂದಿದೆ. ಬಂದವರಿಗೆ ಹೋಗುವ ದಾರಿ ತೆರೆದಿಡುವುದು ಬಿಡಾರದ ಧರ್ಮ. ಮೂತ್ರಪಿಂಡ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಳೆದುಕೊಳ್ಳುವವರೆಗೂ ಬಾಯಿಬಿಟ್ಟು ದೂರುವುದಿಲ್ಲ, ಆದ್ದರಿಂದ ಅದರ ಪರವಾಗಿ ನಾವೇ ವಿಚಾರಿಸಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇದ್ದವರು ವರ್ಷಕ್ಕೊಮ್ಮೆಯಾದರೂ ಯೂರಿಯಾ, ಕ್ರಿಯಾಟಿನಿನ್ ಜೊತೆ ಮೂತ್ರದ ಪರೀಕ್ಷೆಯನ್ನೂ ಮಾಡಿಸಬೇಕು. ಹಳೆಯ ಹಾಳೆಗಳನ್ನು ಎಸೆಯದೆ ಹೊಸದರ ಪಕ್ಕದಲ್ಲಿಟ್ಟು ವೈದ್ಯರಿಗೆ ತೋರಿಸಬೇಕು. ಒಂದು ದಿನದ ಅಂಕಿಗಿಂತ ಹಲವು ವರ್ಷಗಳ ಅಂಕಿಗಳ ನಡೆ ಹೆಚ್ಚು ಹೇಳುತ್ತದೆ. ಇಷ್ಟು ಮಾಡಿದರೆ ನಮ್ಮ ಪಾಲಿನ ಕೆಲಸ ಆಯಿತು. ಗಾಳಿಯಿಂದ ಬೇರಿಗೆ, ಬೇರಿನಿಂದ ಬಟ್ಟಲಿಗೆ, ಬಟ್ಟಲಿನಿಂದ ರಕ್ತಕ್ಕೆ ಬಂದ ಸಾರಜನಕ ಮುಂದಿನ ಬಿಡಾರಕ್ಕೆ ಹೊರಡುವುದನ್ನು ನಾವು ತಡೆಯದಿದ್ದರೆ ಸಾಕು. ಅದಕ್ಕೆ ದಾರಿ ಗೊತ್ತಿದೆ.